ಸೋಮಾರಿ ಮೆಂಬರಿನ ಏಪ್ರನ್

“ಸೆಕೆಂಡಿಗೆ ಹಾಕಪ್ಪ, ಮುಂದೆ ಏರು ಇದೆ,” ಎಂದು ಪಕ್ಕದಲ್ಲಿ ಕೂತಿದ್ದ ಯಜಮಾನರು ಮತ್ತೊಮ್ಮೆ ಹೇಳಿದಾಗ ವ್ಯಾನಿನವನು ಸೋತು ಗೇರು ಬದಲಿಸಿದ.

ಅವನು ತನ್ನ ಕೆಲಸದಲ್ಲಿ ಎಂಥೆಂಥವರನ್ನೋ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಅಳುವವರು, ಬಾಯಿಗೆ ಬೀಗ ಹಾಕಿಕೊಂಡವರು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವರು. ಹಿಂದೆ ಹೆಂಡತಿಯ ಶವಪೆಟ್ಟಿಗೆ ಇಟ್ಟುಕೊಂಡು ಮುಂದೆ ಕೂತು ಗೇರಿನ ಪಾಠ ಹೇಳುವವರನ್ನು ಮಾತ್ರ ಇದೇ ಮೊದಲು ನೋಡುತ್ತಿದ್ದ.

“ಅಪ್ಪಾ, ಅವರಿಗೆ ಗೊತ್ತಿರುತ್ತೆ, ಬಿಡು,” ಎಂದಳು ಹಿಂದಿನ ಸೀಟಿನಿಂದ ಮಗಳು.

“ಗೊತ್ತಿದ್ರೆ ಇಂಜಿನ್ ಯಾಕೆ ಹಾಗೆ ಕಿರುಚ್ಕೋತಿತ್ತು? ನಿಮ್ಮಮ್ಮನಿಗೆ ಕುಲುಕಾಟ ಆಗಲ್ಲ.”

ಮಗಳು ಕಿಟಕಿಯ ಕಡೆ ತಿರುಗಿದಳು. ಅಮ್ಮನಿಗೆ ಇನ್ನು ಕುಲುಕಾಟ ಗೊತ್ತಾಗುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು. ಅಪ್ಪ ಬಸ್ ಡಿಪೋದಿಂದ ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಆದರೂ ಬೀದಿಯವರಿಗೆಲ್ಲ ಅವರು ಈಗಲೂ ಡ್ರೈವರೇ. ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಬಲಗಾಲು ಬ್ರೇಕಿನ ಮೇಲೆ ಇಟ್ಟ ಹಾಗೆಯೇ ಇರುತ್ತಿತ್ತು.

ವ್ಯಾನು ಒಂದು ಹಳೆಯ ಕಟ್ಟಡದ ಮುಂದೆ ಹಾದುಹೋಯಿತು. ಎತ್ತರದ ಬಾಗಿಲು, ಅಗಲವಾದ ಮೆಟ್ಟಿಲು, ಮೆಟ್ಟಿಲ ಪಕ್ಕದಲ್ಲಿ ಒಂದು ದಪ್ಪ ಬಂಡೆ. ಡ್ರೈವರು ತಮ್ಮ ಸರ್ವಿಸಿನ ಉದ್ದಕ್ಕೂ ಇದೇ ದಾರಿಯಲ್ಲಿ ಬಸ್ಸು ಓಡಿಸಿದವರು. “ಕಲ್ಲಿನ ಮ್ಯೂಸಿಯಂ ಸ್ಟಾಪ್” ಎಂದು ದಿನಕ್ಕೆ ಎಷ್ಟು ಸಲ ಕೂಗಿದ್ದರೋ, ಒಂದು ದಿನವೂ ಇಳಿದು ಒಳಗೆ ಹೋದವರಲ್ಲ.

“ಮಣ್ಣು ಕೊಟ್ಟಾದ ಮೇಲೆ ಎಲ್ಲರಿಗೂ ಟೀ ಇಲ್ಲೇ,” ಎಂದಳು ಮಗಳು ಮೆಲ್ಲಗೆ. “ನಮ್ಮನೆ ಮೂರನೇ ಮಹಡಿ, ಇಷ್ಟು ಜನ ಹಿಡಿಸಲ್ಲ. ಅಮ್ಮನ ಮ್ಯೂಸಿಯಂ ಬಳಗದವರೇ ಇಲ್ಲಿ ಮಾಡೋಣ್ವಾ ಅಂತ ಕೇಳಿದ್ರು. ನಾನು ಹೂಂ ಅಂದೆ.”

“ನಾನು ಬರಲ್ಲ.”

“ಅಪ್ಪಾ.”

“ನೀವು ಕುಡೀರಿ. ನಾನು ಮನೆಗೆ ಹೋಗ್ತೀನಿ.”

ಮಗಳು ಇದನ್ನು ದುಃಖ ಎಂದುಕೊಂಡಳು. ದುಃಖ ಇತ್ತು, ಇಲ್ಲವೆಂದಲ್ಲ. ಆದರೆ ದುಃಖದ ಪಕ್ಕದಲ್ಲೇ, ಟಿಕೆಟ್ಟಿಲ್ಲದೆ ಹತ್ತಿದ ಪ್ರಯಾಣಿಕನ ಹಾಗೆ, ಇನ್ನೊಂದು ಕೂತಿತ್ತು. ಅದು ಹೊಟ್ಟೆಕಿಚ್ಚು. ಅದಕ್ಕೆ ಕಾರಣ ಒಂದು ನೀಲಿ ಏಪ್ರನ್. ಇವತ್ತು ಸ್ಮಶಾನಕ್ಕೆ ಬರುವ ಜನರಲ್ಲಿ ಆ ಏಪ್ರನ್ನಿನ ಒಡೆಯ ಯಾರು ಎಂದು ಪತ್ತೆ ಮಾಡದೆ ಬಿಡಬಾರದು ಎಂದು ಡ್ರೈವರು ಬೆಳಗ್ಗೆ ಶೂ ಕಟ್ಟಿಕೊಳ್ಳುವಾಗಲೇ ತೀರ್ಮಾನಿಸಿದ್ದರು.

*

ಅವರ ಹೆಂಡತಿ ಕಲ್ಲುಗಳ ಸಹವಾಸಕ್ಕೆ ಬಿದ್ದದ್ದು ಕಲ್ಲಿನ ಮೇಲಿನ ಪ್ರೀತಿಯಿಂದಲ್ಲ. ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗಬೇಕಾಗಿದ್ದರಿಂದ.

ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಜೀವಮಾನವೆಲ್ಲ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ನಿವೃತ್ತಿಯಾದ ಹೊಸತು. ಪೇಟೆಗೆ ಹೋದವಳು ದಾರಿಯಲ್ಲಿ ತಡೆಯಲಾರದೆ ಮ್ಯೂಸಿಯಂ ಮೆಟ್ಟಿಲು ಹತ್ತಿದಳು. ಒಳಗೆ ಬಿಡಬೇಕಾದರೆ ಟಿಕೆಟ್ ಬೇಕು ಎಂದರು. ಒಂದು ನಿಮಿಷದ ಕೆಲಸಕ್ಕೆ ಟಿಕೆಟ್ಟೇ ಎಂದು ಅವಳು ವಾದಕ್ಕೆ ನಿಂತಳು. ಬಳಗಕ್ಕೆ ಸೇರಿಬಿಟ್ಟರೆ ವರ್ಷವಿಡೀ ಯಾವಾಗ ಬೇಕಾದರೂ ಬರಬಹುದು, ಟಿಕೆಟ್ ಬೇಡ ಎಂದರು ಕೌಂಟರಿನಲ್ಲಿದ್ದ ಮೇಡಂ. ಯಾವ ಬಳಗ, ಏನು ಕತೆ ಎಂದು ಕೇಳುವಷ್ಟು ವ್ಯವಧಾನ ಅವಳಿಗೆಲ್ಲಿ. ಕೊಡಿ ಎಂದು ಸಹಿ ಹಾಕಿ ಓಡಿದಳು.

“ಬಾತ್‌ರೂಮಿಗೆ ಹೋದವಳು ಮ್ಯೂಸಿಯಂ ಗೆಳೆಯರ ಬಳಗಕ್ಕೆ ಸೇರಿ ಬಂದೆ ನೋಡಿ,” ಎಂದು ಸಂಜೆ ನಗುತ್ತಾ ಹೇಳಿದಳು. ಡ್ರೈವರೂ ನಕ್ಕರು. ಎರಡು ವಾರದ ಹುಚ್ಚು, ಆಮೇಲೆ ಇಳಿಯುತ್ತದೆ ಎಂದುಕೊಂಡರು.

ಇಳಿಯಲಿಲ್ಲ. ಶನಿವಾರ ಬಂತೆಂದರೆ ಅವಳ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕಪಾಟುಗಳ ಧೂಳು ತೆಗೆಯುವುದು, ಶಾಲೆ ಮಕ್ಕಳು ಬಂದರೆ ಕಲ್ಲು ಮುಟ್ಟಿಸುವುದು, ಛಾವಣಿ ಸೋರಿದರೆ ಬಕೆಟ್ ಇಡುವುದು. ಬಳಗ ಎಂದರೆ ಇಷ್ಟೇ. ಹೊರಡುವ ಮುನ್ನ ಬಾಗಿಲಲ್ಲಿ ನಿಂತು, “ಬರ್ತೀರಾ?” ಎಂದು ಕೇಳುತ್ತಿದ್ದಳು.

“ಕಲ್ಲು ನೋಡೋಕೆ ನನಗೇನು ಬೇರೆ ಕೆಲಸ ಇಲ್ವಾ?” ಎನ್ನುತ್ತಿದ್ದರು ಡ್ರೈವರು. ಬೇರೆ ಕೆಲಸ ನಿಜಕ್ಕೂ ಇರಲಿಲ್ಲ. ಆದರೂ ಜಪ್ಪಯ್ಯ ಎಂದರೂ ಅವರು ಹೂಂ ಎನ್ನಲಿಲ್ಲ.

ಇನ್ನು ಏಪ್ರನ್ನಿನ ವಿಷಯ. ಶುಕ್ರವಾರ ಸಂಜೆ ಅವಳು ಬಳಗದ ನೀಲಿ ಏಪ್ರನ್ ಇಸ್ತ್ರಿ ಮಾಡುತ್ತಿದ್ದಳು. ಒಂದಲ್ಲ, ಎರಡು. ಒಂದು ಅವಳ ಅಳತೆಯದು, ಹಾಕಿ ಹಾಕಿ ಬಣ್ಣ ಮಾಸಿದ್ದು. ಇನ್ನೊಂದು ಗಂಡಸಿನದು, ಅಗಲ ಮೈಯವನದು, ಹೊಚ್ಚ ಹೊಸತು. ದೊಡ್ಡದರ ಮೇಲೆ ಇಸ್ತ್ರಿಪೆಟ್ಟಿಗೆ ಹೆಚ್ಚು ಹೊತ್ತು ಆಡುತ್ತಿತ್ತು. ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಬೀಳುತ್ತಿತ್ತು, ಅವರ ಯೂನಿಫಾರ್ಮ್ ಪ್ಯಾಂಟಿಗೆ ಬೀಳುತ್ತಿದ್ದಂಥದೇ ಗೆರೆ.

“ಅದು ಯಾರದ್ದು?” ಎಂದು ಒಮ್ಮೆ ಕೇಳಿದ್ದರು, ಪೇಪರಿನಿಂದ ತಲೆಯೆತ್ತದೆ.

“ಒಬ್ಬ ಮೆಂಬರು ಇದಾರೆ. ಮಹಾ ಸೋಮಾರಿ.”

“ಅವನ ಬಟ್ಟೆ ನೀನ್ಯಾಕೆ ಇಸ್ತ್ರಿ ಮಾಡ್ಬೇಕು? ಕೈಕಾಲಿಲ್ವಾ ಅವನಿಗೆ?”

“ಇದೆ. ಮನಸ್ಸಿಲ್ಲ ಅಷ್ಟೆ. ಇವತ್ತಲ್ಲ ನಾಳೆ ಬರ್ತಾರೆ,” ಎಂದು ಅವಳು ಅಂಚು ಮಡಚಿದ್ದಳು. ತುಟಿಯಲ್ಲಿ ಸಣ್ಣ ನಗು.

ಆ ‘ಇದಾರೆ’, ‘ಬರ್ತಾರೆ’ಗಳು ಡ್ರೈವರ ತಲೆಯೊಳಗೆ ಹುಳದ ಹಾಗೆ ಸೇರಿಕೊಂಡವು. ಇಷ್ಟು ಮರ್ಯಾದೆ ಕೊಡಿಸಿಕೊಳ್ಳುವ ಆ ಸೋಮಾರಿ ಯಾವನು? ಮತ್ತೆ ಕೇಳಲು ಅಭಿಮಾನ ಅಡ್ಡಬಂತು. ಅವಳೂ ತಾನಾಗಿ ಹೇಳಲಿಲ್ಲ.

ಕಳೆದ ಶನಿವಾರವೂ ಎರಡು ಏಪ್ರನ್ ತೋಳಿನ ಮೇಲೆ ಹಾಕಿಕೊಂಡು, “ಬರ್ತೀರಾ?” ಎಂದಳು. ಡ್ರೈವರು ಎಂದಿನ ಉತ್ತರವನ್ನೇ ಕೊಟ್ಟರು. ಮಂಗಳವಾರ ಬೆಳಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕ್ಲಿಪ್ಪು ಕೈಯಲ್ಲಿ ಹಿಡಿದೇ ಕೂತಳು. ಮತ್ತೆ ಏಳಲಿಲ್ಲ.

*

ಸ್ಮಶಾನದಲ್ಲಿ ಬಳಗದವರು ಆಗಲೇ ಬಂದು ನಿಂತಿದ್ದರು. ಡ್ರೈವರು ಒಬ್ಬೊಬ್ಬರನ್ನೂ ಕಣ್ಣಲ್ಲೇ ಅಳತೆ ಹಾಕಿದರು. ಮುಂದೆ ಮ್ಯೂಸಿಯಂ ಮೇಡಂ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವರ ಪಕ್ಕ ಬೇಕರಿಯವನು. ಅವನು ಕಡ್ಡಿ, ಆ ಏಪ್ರನ್ನಿಗೆ ಅವನಂಥವರು ಇಬ್ಬರು ಬೇಕು. ಆಮೇಲೆ ಹಲ್ಲಿನ ಡಾಕ್ಟರು. ಕುಳ್ಳು, ಏಪ್ರನ್ ನೆಲ ಗುಡಿಸೀತು. ಉಳಿದವರೆಲ್ಲ ಹೆಂಗಸರು. ಅಗಲ ಮೈಯವನು ಒಬ್ಬನೂ ಇಲ್ಲ.

‘ಸಾವಿಗೂ ಬರಲಿಲ್ಲ ಸೋಮಾರಿ,’ ಎಂದುಕೊಂಡರು. ಆ ಮನುಷ್ಯನ ಮೇಲಿನ ಸಿಟ್ಟು ಈಗ ಹೆಂಡತಿಯ ಪರವಾಗಿಯೂ ಉಕ್ಕಿತು. ಅಷ್ಟು ಇಸ್ತ್ರಿ ಮಾಡಿಸಿಕೊಂಡು ಒಂದು ಹಿಡಿ ಮಣ್ಣು ಹಾಕಲು ಬರಬಾರದೇ.

ಪೆಟ್ಟಿಗೆ ಇಳಿಸುವ ಮುನ್ನ ಎಲ್ಲರೂ ತಲೆ ತಗ್ಗಿಸಿ ಮೌನವಾಗಿ ನಿಂತರು. ಡ್ರೈವರೂ ಕಣ್ಣು ಮುಚ್ಚಿದರು. ತೆರೆದು ನೋಡಿದರೆ ಬಳಗದವರ ತಲೆಗಳು ಬೇಕಾದ್ದಕ್ಕಿಂತ ಹೆಚ್ಚು ತಗ್ಗಿದ್ದವು. ಬೇಕರಿಯವನಂತೂ ಗುಂಡಿಯೊಳಗೆ ಸೊಂಟದವರೆಗೆ ಬಗ್ಗಿದ್ದ, ಹಲ್ಲಿನ ಡಾಕ್ಟರು ಅವನ ಬೆಲ್ಟು ಹಿಡಿದುಕೊಂಡಿದ್ದರು.

“ಮೇಲೆ ಕೆಂಪು ಮಣ್ಣು,” ಎಂದು ಪಿಸುಗುಟ್ಟಿದ ಬೇಕರಿಯವನು. “ಅದರ ಕೆಳಗೆ ಜೇಡಿ. ಅಬ್ಬಾ, ಕೇಕಿನ ಹಾಗೆ ಪದರ ಪದರ ಕಾಣ್ತಿದೆ.”

“ತಳದಲ್ಲಿ ನೋಡು, ಉರುಟುಗಲ್ಲು,” ಎಂದರು ಡಾಕ್ಟರು.

“ಏನ್ರೀ ಇದು,” ಎಂದರು ಡ್ರೈವರು. ಮಾತು ಅವರೆಣಿಸಿದ್ದಕ್ಕಿಂತ ಜೋರಾಗಿ ಬಂತು. ಗುಂಡಿ ತೋಡಿದವರು ಕೂಡ ತಿರುಗಿ ನೋಡಿದರು. “ಹೆಣ ಇಟ್ಕೊಂಡು ಗುಂಡಿ ಇಣುಕೋದಾ?”

ಬೇಕರಿಯವನು ಗಾಬರಿಯಿಂದ ನೆಟ್ಟಗಾದ. ಕಿವಿಯವರೆಗೆ ಕೆಂಪಾಗಿದ್ದ. “ತಪ್ಪಾಯ್ತು ಸಾರ್. ಅಭ್ಯಾಸ ಬಲ. ಎಲ್ಲಿ ನೆಲ ಅಗೆದ್ರೂ ನಮಗೆ ಹೀಗೇ ಆಗುತ್ತೆ. ಪೈಪ್ ಹಾಕೋಕೆ ರಸ್ತೆ ಅಗೆದಾಗ ಎಲ್ಲರಿಗಿಂತ ಮೊದಲು ಇಳೀತಿದ್ದಿದ್ದು ನಮ್ಮ ಇಸ್ತ್ರಿ ಅಕ್ಕಾನೇ.”

ಅದು ಸುಳ್ಳಲ್ಲ ಎಂದು ಡ್ರೈವರಿಗೆ ಗೊತ್ತಿತ್ತು. ಅವಳ ಚಪ್ಪಲಿಗೆ ಎಲ್ಲೆಲ್ಲಿಯದೋ ಮಣ್ಣು ಮೆತ್ತಿರುತ್ತಿತ್ತು, ಲಾಂಡ್ರಿಯವಳ ಚಪ್ಪಲಿಗೆ. ಈಗ ಅವಳು ಎದ್ದು ಬಂದಿದ್ದರೆ ತನ್ನ ಪಕ್ಕ ನಿಲ್ಲುತ್ತಿರಲಿಲ್ಲ, ಆ ಬೇಕರಿಯವನ ಪಕ್ಕವೇ ಬಗ್ಗುತ್ತಿದ್ದಳು. ಈ ಯೋಚನೆಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಅದನ್ನು ಕೆಮ್ಮಿ ಮುಚ್ಚಿದರು.

“ಉರುಟುಗಲ್ಲು ಅಂದ್ರೆ ಏನರ್ಥ?” ಎಂದು ಕೇಳಿದರು, ಸ್ವಲ್ಪ ಇಳಿದ ದನಿಯಲ್ಲಿ.

ಮೇಡಂ ಮುಂದೆ ಬಂದರು. “ಇಲ್ಲಿ ಯಾವ ಕಾಲದಲ್ಲೋ ಹೊಳೆ ಹರೀತಿತ್ತು ಅಂತ. ನೀರು ಉಜ್ಜಿ ಉಜ್ಜಿ ಕಲ್ಲು ಹಾಗೆ ನುಣ್ಣಗಾಗಿದೆ.”

ಡ್ರೈವರು ಗುಂಡಿಯ ಅಂಚಿಗೆ ಬಂದು ತಾವೂ ಬಗ್ಗಿ ನೋಡಿದರು. ತಳದಲ್ಲಿ ತೊಳೆದಿಟ್ಟಂಥ ಬೆಣಚುಕಲ್ಲುಗಳು ಕಂಡವು.

“ಒಳ್ಳೇದಾಯ್ತು,” ಎಂದರು. “ಅವಳಿಗೆ ನೀರಿನ ಹತ್ತಿರವೇ ಅಭ್ಯಾಸ.”

*

ಟೀಗೆ ಬರುವುದಿಲ್ಲ ಎಂದಿದ್ದ ಡ್ರೈವರು ಬಂದದ್ದು ಪತ್ತೇದಾರಿಕೆಗೆ. ಸೋಮಾರಿ ಮನುಷ್ಯ, ಮಣ್ಣು ಹಾಕಲು ಬರದಿದ್ದರೂ ಬಿಸ್ಕತ್ತು ತಿನ್ನಲು ಬಂದೇ ಬರುತ್ತಾನೆ ಎಂಬುದು ಅವರ ಲೆಕ್ಕಾಚಾರ.

ಬಳಗದ ಕೋಣೆ ಮ್ಯೂಸಿಯಮ್ಮಿನ ಹಿಂಬದಿಯಲ್ಲಿತ್ತು. ಉದ್ದನೆಯ ಮೇಜು, ಕಲ್ಲಿನ ತೊಟ್ಟಿ, ಲೋಟದಲ್ಲಿ ನಿಲ್ಲಿಸಿಟ್ಟ ಹಳೆಯ ಹಲ್ಲುಜ್ಜುವ ಬ್ರಷ್ಷುಗಳು, ಡಾಕ್ಟರು ತಮ್ಮ ಕ್ಲಿನಿಕ್ಕಿನಿಂದ ತಂದಿಟ್ಟ ಸಣ್ಣ ಕೊಕ್ಕೆಗಳು. ಬಾಯಿಯಲ್ಲಿ ಹುಳುಕು ಕೆರೆಯುವ ಆ ಕೊಕ್ಕೆಯಿಂದಲೇ ಅವರು ಶನಿವಾರ ಕಲ್ಲಾದ ಚಿಪ್ಪುಗಳ ಮಣ್ಣು ಬಿಡಿಸುತ್ತಿದ್ದರಂತೆ. ಮಗಳು ಟೀ ಹಂಚುತ್ತಿದ್ದಳು. ಡ್ರೈವರು ಬಾಗಿಲಿಗೆ ಮುಖ ಮಾಡಿ ಕೂತು ಬಂದವರನ್ನೆಲ್ಲ ನೋಡಿದರು. ಯಾರೂ ಅಗಲವಿರಲಿಲ್ಲ.

ಮೇಡಂ ಒಂದು ತಟ್ಟೆಯಲ್ಲಿ ಏನನ್ನೋ ತಂದು ಮೇಜಿನ ಮೇಲಿಟ್ಟರು. ಬಿಳಿ, ಮಬ್ಬಾಗಿ ಹೊಳೆಯುವ ಒಂದು ಉಂಡೆ. ಅರ್ಧ ಸವೆದ ಸೋಪಿನ ಹಾಗಿತ್ತು.

“ಇದು ಅಕ್ಕ ಒಗೆದ ಕಲ್ಲು,” ಎಂದರು. ಕೋಣೆಯಲ್ಲಿ ಆಗಲೇ ನಗು ಶುರುವಾಗಿತ್ತು.

“ಕಲ್ಲು ಒಗೆದಿದ್ದಾ?” ಎಂದಳು ಮಗಳು.

“ಬಳಗಕ್ಕೆ ಸೇರಿದ ಹೊಸದರಲ್ಲಿ. ಧೂಳು ತೆಗೀರಿ ಅಕ್ಕಾ ಅಂತ ಒಂದು ತಟ್ಟೆ ಕಲ್ಲು ಕೊಟ್ಟೆ. ನಮ್ಮ ಭಾಷೇಲಿ ಧೂಳು ತೆಗೆಯೋದು ಅಂದ್ರೆ ಬ್ರಷ್ಷು. ಅವರ ಭಾಷೇಲಿ ಬಿಸಿನೀರು, ಸೋಪು. ಎಲ್ಲಾನೂ ತೊಟ್ಟೀಲಿ ನೆನೆಹಾಕಿ ತಿಕ್ಕಿದ್ರು. ಉಳಿದ ಕಲ್ಲೆಲ್ಲ ಫಳಫಳ. ಇದು ಮಾತ್ರ ತಿಕ್ಕಿದಷ್ಟೂ ಬಿಳೀ ನೀರು ಬಿಡ್ತು. ಎಷ್ಟು ಕೊಳೆ ಅಂತ ಇನ್ನೂ ತಿಕ್ಕಿದ್ರು.”

“ಇದು ಉಪ್ಪುಗಲ್ಲು,” ಎಂದ ಬೇಕರಿಯವನು, ತಡೆಯಲಾರದೆ. “ಇಟ್ಟಿಗೆಯಷ್ಟಿತ್ತು. ಮೂಲೆಗಳು ಕತ್ತರಿಸಿಟ್ಟ ಹಾಗೆ ಚೂಪು.”

“ಕೋಟ್ಯಂತರ ವರ್ಷದ ಹಿಂದೆ ಒಣಗಿದ ಸಮುದ್ರ ಅದು,” ಎಂದರು ಮೇಡಂ. “ಅಕ್ಕ ಒಂದೇ ಮಧ್ಯಾಹ್ನ ಅದನ್ನ ಮತ್ತೆ ನೀರು ಮಾಡಿದ್ರು.”

ಡಾಕ್ಟರು ಕಣ್ಣೊರೆಸಿಕೊಂಡರು, ನಗುವಿಗೋ ಅಳುವಿಗೋ. “ಪಾಪ, ಅವತ್ತು ಅವರ ಮುಖ ನೋಡೋಕಾಗ್ತಿರಲಿಲ್ಲ. ಇನ್ನು ಬರೋದೇ ಇಲ್ಲ ಅಂತ ಏಪ್ರನ್ ಬಿಚ್ಚಿಟ್ಟು ಹೋದ್ರು. ಮುಂದಿನ ಶನಿವಾರ ನೋಡಿದ್ರೆ ನಗ್ತಾ ಬಂದ್ರು. ಏನಕ್ಕಾ ಅಂದ್ರೆ, ‘ಮನೇಲಿ ಗಾಬರೀಲಿ ಅಡುಗೆಗೆ ಉಪ್ಪು ಹಾಕೋದೇ ಮರೆತೆ. ನಮ್ಮನೆಯವರು ಒಂದು ತುತ್ತು ಬಾಯಿಗಿಟ್ಟು, ಇರೋ ಉಪ್ಪನ್ನೆಲ್ಲ ಎಲ್ಲಿ ಕರಗಿಸಿ ಬಂದೆ ಅಂದ್ರು. ಅಳ್ತಾ ಇದ್ದವಳಿಗೆ ನಗು ಬಂತು ನೋಡಿ, ಆಮೇಲೆ ನಿಲ್ಲಲೇ ಇಲ್ಲ,’ ಅಂದ್ರು.”

ಡ್ರೈವರು ಟೀ ಲೋಟ ಕೆಳಗಿಟ್ಟರು.

ಆ ರಾತ್ರಿಯೂಟ ಅವರಿಗೆ ನೆನಪಿತ್ತು. ಬಿ.ಪಿ. ಎಂದು ಆಸ್ಪತ್ರೆಯಲ್ಲಿ ಉಪ್ಪು ಕಡಿಮೆ ಮಾಡಿಸಿದ ದಿನದಿಂದ, “ಉಪ್ಪು ಕಮ್ಮಿ” ಎನ್ನದೆ ಅವರು ಒಂದು ಊಟವನ್ನೂ ಮುಗಿಸಿದವರಲ್ಲ. ಅವತ್ತು ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ, ಸಪ್ಪೆ ಎಂದರೆ ಸಪ್ಪೆ. ಅವರು ಸಿಡುಕಿಯೇ ಆ ಮಾತು ಹೇಳಿದ್ದರು. ಅವಳು ಮೊದಲು ಬಿಕ್ಕಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಅವರ ಹೆಗಲು ಹಿಡಿದು ನಕ್ಕಳು. ಯಾಕೆಂದು ಕೇಳಿದರೆ ಹೇಳಲಾಗದೆ ಮತ್ತೆ ನಕ್ಕಳು. ಇವಳಿಗೆ ಏನೋ ಆಗಿದೆ ಎಂದುಕೊಂಡೇ ಕೊನೆಗೆ ಅವರೂ ನಕ್ಕಿದ್ದರು.

“ಆ ನಮ್ಮನೆಯವರು ನಾನೇ,” ಎಂದರು ಈಗ.

“ಗೊತ್ತಿಲ್ವಾ ನಮಗೆ?” ಎಂದ ಬೇಕರಿಯವನು. “ನೀವು ರಿವರ್ಸ್ ತಗೊಳ್ಳುವಾಗ ನಾಲಿಗೆ ಕಚ್ತೀರಿ. ಬ್ರೆಡ್ಡಿನ ಅಂಚು ಮೊದಲು ತಿಂತೀರಿ. ಮಗಳ ಮದುವೆ ದಿನ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ರಿ.”

“ಅಪ್ಪ ಅತ್ತಿದ್ನಾ?” ಎಂದಳು ಮಗಳು.

ಡ್ರೈವರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತಾನು ಕಾಲಿಡದ ಈ ಕೋಣೆಯಲ್ಲಿ ತನ್ನ ಹೊಟ್ಟೆಯೊಳಗಿನ ಸುದ್ದಿಯೆಲ್ಲ ಇವರಿಗೆ ಗೊತ್ತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಯಾರೋ ಚಳಿಯಲ್ಲಿ ಶಾಲು ಹೊದಿಸಿದಂತೆಯೂ ಆಯಿತು. ಆದರೂ ಹುಳ ಇನ್ನೂ ಸತ್ತಿರಲಿಲ್ಲ.

“ಒಂದು ಮಾತು ಕೇಳ್ತೀನಿ,” ಎಂದರು. “ನಿಮ್ಮಲ್ಲಿ ಒಬ್ಬ ಸೋಮಾರಿ ಮೆಂಬರು ಇದಾನಂತಲ್ಲ. ದೊಡ್ಡ ಏಪ್ರನ್ನಿನವನು. ಎಲ್ಲಿ ಅವನು? ಇವತ್ತಾದ್ರೂ ಬರಬಾರದಿತ್ತಾ?”

ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಡ್ರೈವರ ಕೈ ಹಿಡಿದು ಎಬ್ಬಿಸಿ, ಬಾಗಿಲ ಹಿಂದಿನ ಗೋಡೆಯ ಹತ್ತಿರ ಕರೆದೊಯ್ದರು.

ಗೋಡೆಗೆ ಸಾಲಾಗಿ ಮೊಳೆ, ಮೊಳೆಗೊಂದು ನೀಲಿ ಏಪ್ರನ್, ಒಂದೊಂದರ ಮೇಲೂ ಚೀಟಿ. ‘ಬೇಕರಿ’, ‘ಡಾಕ್ಟರು’, ‘ಮೇಡಂ’. ‘ಇಸ್ತ್ರಿ ಅಕ್ಕ’ ಎಂಬ ಚೀಟಿಯ ಕೆಳಗೆ ಆ ಮಾಸಿದ ಚಿಕ್ಕ ಏಪ್ರನ್. ಅದರ ಪಕ್ಕದ ಮೊಳೆಯಲ್ಲಿ ಹೊಚ್ಚ ಹೊಸ ಅಗಲ ಏಪ್ರನ್. ಅದರ ಚೀಟಿಯಲ್ಲಿ ‘ಡ್ರೈವರು’ ಎಂದಿತ್ತು.

“ಅವತ್ತು ಬಾತ್‌ರೂಮಿಂದ ವಾಪಸ್ ಬಂದವರೇ ಕೇಳಿದ್ರು, ಜೋಡಿ ಮೆಂಬರಾಗೋಕೆ ಆಗುತ್ತಾ ಅಂತ,” ಎಂದರು ಮೇಡಂ. “ನಮ್ಮನೆಯವರು ಬರ್ತಾರೆ, ಸ್ವಲ್ಪ ನಿಧಾನ, ಅಂದಿದ್ರು. ಪ್ರತಿ ಶನಿವಾರ ನಾವು ಕೇಳೋರು, ಅವರು ಇದೇ ಮಾತು ಹೇಳೋರು.”

ಡ್ರೈವರು ಚೀಟಿಯನ್ನು ಓದಿದರು. ಮತ್ತೆ ಓದಿದರು. ಇಷ್ಟು ಕಾಲ ತಾವು ಹೊಟ್ಟೆ ಉರಿದುಕೊಂಡದ್ದು ತಮ್ಮ ಮೇಲೆಯೇ ಎಂದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ ಗೋಡೆಗೆ ಕೈ ಊರಿ ನಿಂತರು. ಹೆಗಲು ಕುಲುಕಿತು. ಮಗಳು ಓಡಿಬಂದು ನೋಡಿದರೆ ಅಪ್ಪ ಅಳುತ್ತಿದ್ದರು, ಅಳುತ್ತಲೇ ನಗುತ್ತಿದ್ದರು, ಥೇಟು ಆ ರಾತ್ರಿಯ ಅಮ್ಮನ ಹಾಗೆ.

“ಬರಬೇಕಾಗಿತ್ತು ಕಣೇ,” ಎಂದರು. “ಒಂದೇ ಒಂದು ಶನಿವಾರ ಬರಬೇಕಾಗಿತ್ತು.”

“ಈಗ ಬಂದಿದೀಯಲ್ಲಪ್ಪ.”

ಬೇಕರಿಯವನು ಏಪ್ರನ್ ಇಳಿಸಿ ಅವರ ಕೊರಳಿಗೆ ಹಾಕಿದ. ಮಗಳು ಹಿಂದೆ ದಾರ ಕಟ್ಟಿದಳು. ಹೊಟ್ಟೆಯ ಸುತ್ತ ಬಂದು, ಒಂದು ಗಂಟು ಬಿಗಿಯಲು ಎಷ್ಟು ಬೇಕೋ ಅಷ್ಟೇ ದಾರ ಉಳಿಯಿತು. ಎದುರಿಗೆ ಎದೆಯಿಂದ ಮೊಣಕಾಲಿನವರೆಗೆ ಆ ಗೆರೆ, ಶುಕ್ರವಾರ ಹಾಕಿದ್ದು, ನೆಟ್ಟಗೆ ಇಳಿದಿತ್ತು.

“ಇನ್ನೊಂದಿದೆ,” ಎಂದರು ಡಾಕ್ಟರು. “ಏಪ್ರನ್ ಹಾಕಿದ್ರೂ ಉಪ್ಪು ನೆಕ್ಕೋ ತನಕ ಅರ್ಧ ಮೆಂಬರೇ. ಆ ಅವಾಂತರ ಆದಮೇಲೆ ಅಕ್ಕಾನೇ ಮಾಡಿದ ಪದ್ಧತಿ. ಕಲ್ಲು ಯಾವುದು ಅಂತ ತಿಳ್ಕೊಂಡು ಆಮೇಲೆ ಒಗೀಲಿ ಅಂತ.”

ಮೇಡಂ ಉಂಡೆಯನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಡ್ರೈವರು ಅದನ್ನು ಎರಡೂ ಕೈಯಲ್ಲಿ ಹಿಡಿದರು. ಅವಳ ಬೆರಳು ಉಜ್ಜಿದ ಜಾಗ ಅಂಗೈಗೆ ನುಣ್ಣಗೆ ಕೂತಿತು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಈ ಮನುಷ್ಯ ಉಪ್ಪಿನ ಬಗ್ಗೆ ಏನು ಹೇಳುತ್ತಾನೆಂಬುದು ಅಲ್ಲಿದ್ದವರಿಗೆಲ್ಲ ಬಾಯಿಪಾಠವಾಗಿತ್ತು. ಅವರು ಕಣ್ಣು ಮುಚ್ಚಿ ನಾಲಿಗೆ ಚಾಚಿ ಮುಟ್ಟಿಸಿದರು.

“ಹೇಗಿದೆ?” ಎಂದ ಬೇಕರಿಯವನು.

“ಸರಿಯಾಗಿದೆ,” ಎಂದರು ಡ್ರೈವರು.

*

“ಏಪ್ರನ್ ಮೊಳೆಗೆ ಹಾಕಿ ಹೋಗಿ, ಹೇಗೂ ಶನಿವಾರ ಬರ್ತೀರಲ್ಲ,” ಎಂದರು ಮೇಡಂ. ಶನಿವಾರ ಬರುತ್ತೇನೆ, ಇವತ್ತು ಹಾಕಿಕೊಂಡೇ ಹೋಗುತ್ತೇನೆ ಎಂದರು ಡ್ರೈವರು. ಹಾಗಾದರೆ ಮಡಚಿ ಕೊಡಲೇ ಎಂದು ಕೇಳಿದ್ದಕ್ಕೆ ಎರಡು ಹೆಜ್ಜೆ ಹಿಂದೆ ಸರಿದು, “ಮಡಚಬೇಡಿ,” ಎಂದರು.

ಕಲ್ಲಿನ ಮ್ಯೂಸಿಯಂ ಸ್ಟಾಪಿನಲ್ಲಿ ಅಪ್ಪ, ಮಗಳು ಬಸ್ಸು ಹತ್ತಿದರು. ಸಂಜೆಯ ಬಸ್ಸು, ಕೆಲಸ ಬಿಟ್ಟವರಿಂದ ಕಿಕ್ಕಿರಿದಿತ್ತು. ಮಣ್ಣು ಮೆತ್ತಿದ ಶೂ, ಕಪ್ಪು ಕೋಟು, ಕೋಟಿನ ಮೇಲೆ ನೀಲಿ ಏಪ್ರನ್ ತೊಟ್ಟ ಯಜಮಾನರನ್ನು ನೋಡಿ ಮುಂದಿನ ಸೀಟಿನ ಹೆಂಗಸು ಎದ್ದು ಜಾಗ ಕೊಟ್ಟಳು.

“ಕೂತ್ಕೋ ಅಪ್ಪಾ, ಬೆಳಗ್ಗೆಯಿಂದ ನಿಂತೇ ಇದೀಯ.”

“ಬೇಡ,” ಎಂದರು. “ಇಸ್ತ್ರಿ ಮುರಿಯುತ್ತೆ.”

ಏರು ಬಂತು. ಬಸ್ಸಿನವನು ತಡವಾಗಿ ಗೇರು ಬದಲಿಸಿದ, ಇಂಜಿನ್ ಕಿರುಚಿತು, ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಡ್ರೈವರಿಗೆ ಅದು ಕೇಳಿಸಲೇ ಇಲ್ಲ. ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆಯ ಮುಂದೆ ಅಡ್ಡ ಚಾಚಿ, ಯಾರ ಚೀಲವೂ ತಾಗದಂತೆ ಆ ಗೆರೆಯನ್ನು ಕಾಯುತ್ತಾ, ಮನೆಯ ಸ್ಟಾಪಿನವರೆಗೆ ನಿಂತೇ ಬಂದರು.